ಕಿಟಕಿ, ಬಾಗಿಲು ಹಾಕುವವರು ಬರುವ ಮೊದಲು ಮನೆಯಲ್ಲಿ ಏನೇನು ತಯಾರಿ ಬೇಕು?

ನಿಟ್ಟುವಳ್ಳಿ ಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು 1989ರಲ್ಲಿ ಮಾವ ಕಟ್ಟಿಸಿದ ಮನೆ. ನಾಲ್ಕೂ ಕಿಟಕಿಗೆ ಗೆದ್ದಲು ಹಿಡಿದಿದೆ. ಅಡುಗೆಮನೆ ಕಿಟಕಿಯ ಕೆಳಗಿನ ಪಟ್ಟಿ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಒಳಗೆ ಮರವೇ ಇಲ್ಲ, ಬಣ್ಣ ಮಾತ್ರ ನಿಂತಿದೆ. ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಹಾಕಿಸುತ್ತಿದ್ದೇವೆ, ಮುಂಬಾಗಿಲೂ ಬದಲಾಯಿಸಬೇಕು ಅಂತಿದೆ. ಇನ್ನು ಹತ್ತು ದಿನಕ್ಕೆ ಕೆಲಸ ಶುರು. ಎರಡು ದಿನದಲ್ಲಿ ಮುಗಿಸುತ್ತೇವೆ ಅಂದಿದ್ದಾರೆ.

ಅತ್ತೆಗೆ ಮಂಡಿ ಆಪರೇಷನ್ ಆಗಿ ತಿಂಗಳಾಯಿತು, ವಾಕರ್ ಹಿಡಿದು ನಡೆಯುತ್ತಾರೆ. ಮಗನಿಗೆ ಐದು ವರ್ಷ, ಧೂಳು ಬಿದ್ದರೆ ರಾತ್ರಿಯಿಡೀ ಕೆಮ್ಮು. ಮಂಚ ಸರಿಸಿ ಪರದೆ ಬಿಚ್ಚಿಟ್ಟರೆ ಸಾಕಾ, ಇನ್ನೂ ಏನಾದರೂ ಮಾಡಬೇಕಾ? ಮಾಡಿಸಿದವರು ಹೇಳಿ.

ಕೋಟೆ ರಸ್ತೆ ಮೇಷ್ಟ್ರು, ಚಿತ್ರದುರ್ಗ

ಸಾಕಾಗಲ್ಲ ತಾಯಿ. ಹೋದ ವರ್ಷ ನಾವು ಇದೇ ಕೆಲಸ ಮಾಡಿಸಿದೆವು. ನಮಗೆ ಆದದ್ದು ನಿಮಗೆ ಆಗಬಾರದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಳೇ ಮನೆಗಳಲ್ಲಿ ಕಿಟಕಿಯ ಕಂಬಿಗಳು ಮರದ ಚೌಕಟ್ಟಿನಲ್ಲೇ ಕೂತಿರುತ್ತವೆ. ಚೌಕಟ್ಟು ಕಿತ್ತರೆ ಕಂಬಿಯೂ ಬಂತು. ನಮ್ಮಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹಜಾರದ ಕಿಟಕಿ ಕಿತ್ತರು. ಹೊಸದನ್ನು ಎತ್ತಿ ಕೂರಿಸಲು ಹೋದರೆ ಅರ್ಧ ಇಂಚು ಅಗಲ ಜಾಸ್ತಿ. ಗೋಡೆ ಕೆತ್ತಲು ಅವರ ಹತ್ತಿರ ಗಾರೆಯವರೂ ಇರಲಿಲ್ಲ. ಸಂಜೆ ಐದಕ್ಕೆ 'ನಾಳೆ ಬರುತ್ತೇವೆ' ಅಂತ ಹೊರಟರು. ಗೋಡೆಯಲ್ಲಿ ನಾಲ್ಕಡಿ ಬಾಯಿ ತೆರೆದುಕೊಂಡೇ ಇತ್ತು. ಆಷಾಢ ಮಾಸ ಬೇರೆ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು ನಮ್ಮದು. ತಾಡಪತ್ರಿ ಕಟ್ಟಿ, ಅದಕ್ಕೆ ಬೆಂಚು ಆನಿಸಿ, ನಾನೂ ನನ್ನ ಮನೆಯವರೂ ಬೆಳಗಿನ ತನಕ ಕೂತಿದ್ದೆವು. ತಾಡಪತ್ರಿ ಪಟಪಟ ಹೊಡೆದುಕೊಳ್ಳುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ.

ಅದಕ್ಕೇ ಹೇಳುತ್ತಿದ್ದೇನೆ. ಹೊಸ ಕಿಟಕಿ ಮನೆಗೆ ಬಂದು, ನಿಮ್ಮ ಕಣ್ಣೆದುರೇ ಟೇಪು ಹಿಡಿದು ನೋಡುವ ತನಕ ಹಳೆಯದಕ್ಕೆ ಸುತ್ತಿಗೆ ಮುಟ್ಟಿಸಬೇಡಿ. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಎತ್ತರವನ್ನೂ ಹಾಗೇ ಮೂರು ಕಡೆ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಎಳೆದು ನೋಡಿ, ಅಳತೆ ಒಂದೇ ಬರದಿದ್ದರೆ ಬಾಯಿ ಸೊಟ್ಟಗಿದೆ ಅಂತ. ಕಿಟಕಿಯ ಸುತ್ತ ನಾಲ್ಕೈದು ಮಿಲಿಮೀಟರ್ ಸಂದಿ ಉಳಿಯಲೇಬೇಕು, ಅದನ್ನು ಫೋಮ್ ಮತ್ತು ಸಿಲಿಕಾನ್ ಮುಚ್ಚುತ್ತದೆ. ಹಳೇ ಚೌಕಟ್ಟು ಪ್ಲಾಸ್ಟರ್ ಒಳಗೆ ಎಷ್ಟು ಹೋಗಿದೆ ಅಂತ ಹೊರಗಿಂದ ಕಾಣಲ್ಲ. ಒಂದು ಮೂಲೆ ಕೆತ್ತಿ ನೋಡಿ ಅಳತೆ ತೆಗೆದಿದ್ದಾರಾ ಕೇಳಿ. ಇಲ್ಲ ಅಂದರೆ ಇವತ್ತೇ ಫೋನ್ ಮಾಡಿ ಕರೆಸಿ.

ಇನ್ನೊಂದು ಮಾತು. ಚೌಕಟ್ಟನ್ನು ಗೋಡೆಗೆ ಹಿಡಿದಿರುವ ಕಬ್ಬಿಣದ ಪಟ್ಟಿಗಳು ಬರುವಾಗ ಸಿಮೆಂಟು, ಇಟ್ಟಿಗೆ ಚೂರು ಎಲ್ಲ ಎಳೆದುಕೊಂಡು ಬರುತ್ತವೆ. ಗಾರೆ ಕೆಲಸ ಯಾರದು, ಕೆಡವಿದ ಮಣ್ಣು ಹೊರಗೆ ಹಾಕುವವರು ಯಾರು, ಇದನ್ನೆಲ್ಲ ಮೊದಲೇ ಮಾತಾಡಿಕೊಳ್ಳಿ. ದಿನಕ್ಕೆ ಒಂದು ಕೋಣೆ ಮುಗಿಸಲಿ, ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಲಿ. ನಾಲ್ಕು ದಿನ ಆದರೂ ಆಗಲಿ.

ವಿದ್ಯಾನಗರದಿಂದ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಧೂಳಿನ ವಿಷಯ ಹೇಳುತ್ತೇನೆ ಅಕ್ಕ.

ಹಳೇ ಸೀರೆ ಹೊದಿಸಿದರೆ ಧೂಳು ನಿಲ್ಲಲ್ಲ, ನೂಲಿನ ಸಂದಿಯಿಂದ ಇಳಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ, ಅದನ್ನೇ ಹೊದಿಸಿ ಟೇಪು ಹಚ್ಚಿ. ಕೆಲಸ ನಡೆಯುವ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ ಒತ್ತಿ. ಕಿಟಕಿಯಿಂದ ನಾಲ್ಕಡಿ ಖಾಲಿ ಇರಲಿ. ಗೋಡೆಯ ಆ ಕಡೆ ಏನಿದೆ ಅಂತಲೂ ನೋಡಿ. ಸುತ್ತಿಗೆ ಏಟಿಗೆ ಪಕ್ಕದ ಕೋಣೆಯ ದೇವರ ಫೋಟೋ ಬಿದ್ದು ನಮ್ಮಲ್ಲಿ ಗಾಜು ಒಡೆಯಿತು, ಅಮ್ಮ ಎಷ್ಟು ನೊಂದುಕೊಂಡರು ಅಂದರೆ ಹೇಳೋಕಾಗಲ್ಲ.

ಮುಖ್ಯವಾದದ್ದು ನಿಮ್ಮ ಮಗ. 1989ರ ಮನೆ ಅಂದರೆ ಆ ಕಿಟಕಿಯ ಬಣ್ಣದಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅಂತ ನಮ್ಮಲ್ಲಿ ನಿಯಮ ಬಂದದ್ದೇ 2016ರಲ್ಲಿ. ಆ ಪುಡಿ ಮಕ್ಕಳ ಮೈಗೆ ಸೇರಿದರೆ ಬಹಳ ಕೆಟ್ಟದ್ದು. ಮಗನನ್ನೂ ಅತ್ತೆಯನ್ನೂ ಆ ದಿನಗಳಿಗೆ ನೆಂಟರ ಮನೆಗೆ ಕಳಿಸಿ. ಆಗದಿದ್ದರೆ ಅತ್ತೆಯ ಕೋಣೆ ಕೊನೆಗೆ ಇಟ್ಟುಕೊಳ್ಳಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ವೈರು, ಸಾಮಾನು ಏನೂ ಬೀಳದಂತೆ ನೋಡಿಕೊಳ್ಳಿ. ಸಂಜೆ ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆಯಲ್ಲೇ ಒರೆಸಿ. ಅಡುಗೆಮನೆ ಸರದಿ ಬಂದ ದಿನ ಒಲೆ ಹಚ್ಚಲೇಬೇಡಿ, ಮಂಡಕ್ಕಿ ಮಿರ್ಚಿ ತರಿಸಿಬಿಡಿ.

ವೈರಿಂಗ್ ಕೆಲಸದವ, ಹರಿಹರ

ಕಿಟಕಿ ಪಕ್ಕ ಸ್ವಿಚ್ ಬೋರ್ಡ್ ಇದ್ದರೆ ಅದರ ಪೈಪು ಯಾವ ಕಡೆ ಹೋಗಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಡ್ರಿಲ್ ಮಾಡುವಾಗ ಆ ಕೋಣೆಯ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಡ್ರಿಲ್‌ಗೆ ಬೇರೆ ಕೋಣೆಯಿಂದ ಕರೆಂಟ್ ಕೊಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಇದನ್ನು ಬಹಳ ಜನ ಮರೆಯುತ್ತಾರೆ.

ನಿಟ್ಟುವಳ್ಳಿ ಮನೆ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಫೋನ್ ಮಾಡಿದೆ, ಶುಕ್ರವಾರ ಬಂದು ಮತ್ತೆ ಅಳತೆ ತೆಗೆಯುತ್ತಾರಂತೆ. ಮುಂಬಾಗಿಲ ಬಗ್ಗೆ ಒಂದು ಪ್ರಶ್ನೆ. ಹೊಸ್ತಿಲು ಕೀಳಬೇಡಿ ಅಂತ ಅತ್ತೆ ಹೇಳುತ್ತಿದ್ದಾರೆ. ಅವರು ಮನೆ ತುಂಬಿದ ದಿನದಿಂದ ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲು. ಉಳಿಸಿಕೊಳ್ಳಬಹುದಾ?

ಮರಗೆಲಸ, ದಾವಣಗೆರೆ

ಉಳಿಸಬಹುದು ಅಕ್ಕ. ಒಂದು ಸ್ಕ್ರೂಡ್ರೈವರ್ ತಗೊಂಡು ಚೌಕಟ್ಟಿನ ಬುಡದಲ್ಲಿ, ನೆಲಕ್ಕೆ ತಾಗುವ ಜಾಗದಲ್ಲಿ ಜೋರಾಗಿ ಒತ್ತಿ ನೋಡಿ. ಗೆದ್ದಲು ಅಲ್ಲಿಂದಲೇ ಹತ್ತುವುದು. ಎರಡೂ ಕಡೆ ಗಟ್ಟಿ ಇದ್ದರೆ ಚೌಕಟ್ಟು ಕೀಳುವುದೇ ಬೇಡ. ಗೆದ್ದಲು ಔಷಧಿ ಹೊಡೆಸಿ, ಕದ ಮಾತ್ರ ಬದಲಾಯಿಸಿ. ಗೋಡೆ ಒಡೆಯುವುದು ತಪ್ಪಿತು, ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ನೆಲಕ್ಕೆ ಹೊಸ ಟೈಲ್ಸ್ ಹಾಕಿಸುವ ಯೋಚನೆ ಇದ್ದರೆ ಅದು ಮೊದಲು ಆಗಲಿ, ಇಲ್ಲದಿದ್ದರೆ ಕದ ನೆಲಕ್ಕೆ ಉಜ್ಜುತ್ತದೆ.

ನಿಟ್ಟುವಳ್ಳಿ ಮನೆ, ದಾವಣಗೆರೆ

ಈಗಷ್ಟೇ ಒತ್ತಿ ನೋಡಿದೆ ಅಣ್ಣ. ಎಡಗಡೆ ಗಟ್ಟಿ. ಬಲಗಡೆಯೂ ಗಟ್ಟಿ, ಸ್ಕ್ರೂಡ್ರೈವರ್ ತುದಿ ಒಂದು ಕೂದಲಷ್ಟೂ ಇಳಿಯಲಿಲ್ಲ. ಅತ್ತೆ ವಾಕರ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಕದ ಮಾತ್ರ ಬದಲಾಯಿಸುತ್ತೇವೆ.