‘ಒಗರು’, ‘ಚೊಗರು’, ‘ಡ್ರೈ’: ವೈನಿನ ರುಚಿ ನೋಡುವಾಗ ಎದುರಾದ ಪದಪ್ರಶ್ನೆಗಳು

ಮಾನ್ಯರೇ,

ವೈನಿನ ರುಚಿಯನ್ನು ಕ್ರಮವಾಗಿ ನೋಡಿ ಗುರುತಿಸುವುದನ್ನು ಕಲಿಸುವ ಕೂಟವೊಂದರಲ್ಲಿ, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಕುಳಿತಿದ್ದೆ. ಅಲ್ಲಿ ಹುಟ್ಟಿದ ಕೆಲವು ಪದಪ್ರಶ್ನೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಪ್ರತಿ ಲೋಟಕ್ಕೂ ತಳ ಮುಚ್ಚುವಷ್ಟು ವೈನ್ ಸುರಿದು, ಮೊದಲು ಬಣ್ಣವನ್ನೂ ಅನಂತರ ವಾಸನೆಯನ್ನೂ ಗಮನಿಸಿ, ಕೊನೆಗೆ ಒಂದು ಗುಟುಕನ್ನು ಬಾಯಲ್ಲಿ ಮುಕ್ಕಳಿಸಿ, ಕಂಡದ್ದನ್ನು ಹಾಳೆಯಲ್ಲಿ ಬರೆಯಬೇಕಿತ್ತು. ನಾನು ಕನ್ನಡದಲ್ಲಿಯೇ ಬರೆದೆ. ಬಣ್ಣಕ್ಕೆ ಪದಗಳು ತಡವಿಲ್ಲದೆ ಒದಗಿದವು. ಮೂರನೆಯ ಲೋಟದ ಕೆಂಪು ವೈನಿನ ರುಚಿಯನ್ನು ಮಾತ್ರ ‘ಕಹಿ’ ಎಂದು ಬರೆದೆ. ಕಲಿಸುತ್ತಿದ್ದವರು ಅದನ್ನು ಕೇಳಿ, ನಾಲಿಗೆಯನ್ನು ಒಸಡಿನ ಮೇಲೆ ಒಮ್ಮೆ ಆಡಿಸಿ ನೋಡುವಂತೆ ಹೇಳಿದರು. ಒಸಡೂ ಕೆನ್ನೆಯ ಒಳಮೈಯೂ ಒರಟಾಗಿ, ಯಾರೋ ಹಿಡಿದೆಳೆದಂತೆ ಬಿಗಿದುಕೊಂಡಿದ್ದವು. ಅದು ಕಹಿಯಾಗಿರಲಿಲ್ಲ, ಒಗರಾಗಿತ್ತು. ಎಳೆಗಾಯಿಯನ್ನು ಕಚ್ಚಿದಾಗಲೆಲ್ಲ ಬಾಯಿಗೆ ತಾನಾಗಿ ಬರುತ್ತಿದ್ದ ಈ ಪದ, ಇಂಗ್ಲಿಷಿನ ‘ಬಿಟರ್’ ಮನಸ್ಸಿನಲ್ಲಿ ಅಡ್ಡ ಬಂದದ್ದರಿಂದ ಹಿಂದೆ ಸರಿದಿತ್ತೆಂಬುದು ನನ್ನನ್ನು ಬಹಳ ಕಾಡಿತು.

ಒಗರಿಗೆ ಕಾರಣ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದಲೂ ಓಕ್ ಮರದ ಪೀಪಾಯಿಯಿಂದಲೂ ವೈನಿಗೆ ಇಳಿಯುವ ಈ ವಸ್ತು ಎಂಜಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳನ್ನು ಗರಣೆಗಟ್ಟಿಸುತ್ತದೆ. ಆಗ ಬಾಯಿಯ ಒಳಗಿನ ಜಾರುತನ ಕಡಿಮೆಯಾಗಿ ಒರಟುತನ ತೋರುತ್ತದೆ. ಕೆಂಪು ವೈನನ್ನು ಸಿಪ್ಪೆಯೊಂದಿಗೇ ಹುದುಗಿಸುವುದರಿಂದ ಅದರಲ್ಲಿ ಒಗರು ಹೆಚ್ಚು, ಬಿಳಿಯದರಲ್ಲಿ ಬಹಳ ಕಡಿಮೆ. ಹೀಗಾಗಿ ಇಂದಿನ ವಿಜ್ಞಾನವು ಒಗರನ್ನು ರುಚಿಗಿಂತ ಹೆಚ್ಚಾಗಿ ಸ್ಪರ್ಶದ ಅನುಭವವೆಂದು ಪರಿಗಣಿಸುತ್ತದೆ. ಆಯುರ್ವೇದದ ಷಡ್ರಸಗಳಲ್ಲಿ ಇದಕ್ಕೆ ‘ಕಷಾಯ’ವೆಂಬ ಹೆಸರಿನಲ್ಲಿ ರಸದ ಸ್ಥಾನವೇ ಇದೆಯಾದರೂ, ಚರಕಸಂಹಿತೆಯು ಅದರ ಲಕ್ಷಣವನ್ನು ಹೇಳುವಾಗ ನಾಲಿಗೆಗೆ ಸ್ತಂಭವನ್ನೂ ಜಾಡ್ಯವನ್ನೂ ತರುವುದು, ಕಂಠವನ್ನು ಕಟ್ಟಿದಂತೆ ಮಾಡುವುದು ಎಂದು ಸ್ಪರ್ಶದ ಮಾತುಗಳನ್ನೇ ಬಳಸುತ್ತದೆ ಎಂಬುದನ್ನು ಗಮನಿಸಬೇಕು. ‘ಕಷಾಯ’ ಎಂಬ ಪದ ಈಗ ಕನ್ನಡದಲ್ಲಿ ಕುದಿಸಿ ಇಳಿಸಿದ ಔಷಧಕ್ಕೆ ಮೀಸಲಾಗಿರುವುದರಿಂದ ನಮ್ಮ ಕೆಲಸಕ್ಕೆ ಒದಗದು. ‘ಒಗರು’ ಹಾಗಲ್ಲ; ತೆಲುಗಿನ ‘ವಗರು’, ತಮಿಳಿನ ‘ತುವರ್ಪು’ಗಳಂತೆ ಎಲ್ಲರ ಬಾಯಲ್ಲೂ ಬದುಕಿರುವ ಪದ.

ನನ್ನ ಮೊದಲ ಪ್ರಶ್ನೆ ಇಲ್ಲಿಯದು. ‘ಚೊಗರು’ ಎಂಬ ಪದವನ್ನು ಕೆಲವರು ‘ಒಗರು’ ಎಂಬುದರ ಪರ್ಯಾಯವಾಗಿ ಬಳಸುತ್ತಾರೆ. ಆದರೆ ಒಗರಾದ ಕಾಯಿಯನ್ನು ಬೇಯಿಸಿದಾಗ ನೀರಿಗೆ ಬಿಡುವ ಕೆಂಗಂದು ರಸಕ್ಕೂ ಚೊಗರು ಎಂಬ ಹೆಸರಿದೆ, ಆ ರಸವು ಟ್ಯಾನಿನ್ನಿನಿಂದ ತುಂಬಿರುತ್ತದೆ. ಹಾಗಿದ್ದಲ್ಲಿ ವಸ್ತುವಿಗೆ ‘ಚೊಗರು’, ಅದು ಬಾಯಲ್ಲಿ ಉಂಟುಮಾಡುವ ಅನುಭವಕ್ಕೆ ‘ಒಗರು’ ಎಂದು ವಿಂಗಡಿಸಿ, ‘ಈ ವೈನಿನಲ್ಲಿ ಚೊಗರು ಹೆಚ್ಚಿರುವುದರಿಂದ ಒಗರು ಗಾಢವಾಗಿದೆ’ ಎಂದು ಬರೆಯುವುದು ಸರಿಯಾದೀತೆ? ಅಥವಾ ತಮ್ಮ ಕಡೆಯ ಬಳಕೆಯಲ್ಲಿ ಈ ಎರಡು ಪದಗಳಿಗೆ ಬೇರೆಯೇ ಅಂತರವಿದೆಯೆ?

ಇದಕ್ಕಿಂತ ತೊಡಕಿನದು ‘ಡ್ರೈ’. ಯೀಸ್ಟು ದ್ರಾಕ್ಷಿಯ ಸಕ್ಕರೆಯನ್ನು ಬಹುಮಟ್ಟಿಗೆ ತಿಂದು ಮದ್ಯಸಾರವಾಗಿಸಿದ ಮೇಲೆ ಸಿಹಿ ಉಳಿಯದ ವೈನಿಗೆ ಈ ಹೆಸರು. ಯುರೋಪಿನ ಒಕ್ಕೂಟದ ನಿಯಮದಲ್ಲಿ ಲೀಟರಿಗೆ 4 ಗ್ರಾಂವರೆಗೆ, ಹುಳಿಯ ಪ್ರಮಾಣ ಅದಕ್ಕೆ ತಕ್ಕಷ್ಟಿದ್ದರೆ 9 ಗ್ರಾಂವರೆಗೆ ಸಕ್ಕರೆ ಇರಬಹುದು. ಫ್ರೆಂಚಿನ ‘ಸೆಕ್’, ಇಟಾಲಿಯನ್ನಿನ ‘ಸೆಕ್ಕೊ’, ಜರ್ಮನ್ನಿನ ‘ಟ್ರೋಕನ್’ ಎಲ್ಲವೂ ಒಣಗಿದ್ದು ಎಂಬ ಅರ್ಥದವೇ. ಹಾಗೆಂದು ‘ಒಣ ವೈನ್’ ಎಂದರೆ ಕನ್ನಡದ ಓದುಗನಿಗೆ ಮೊದಲು ನೆನಪಾಗುವುದು ಒಣದ್ರಾಕ್ಷಿ. ಒಣಗಿಸಿದ ದ್ರಾಕ್ಷಿಯಿಂದ ಮಾಡಿದ ವೈನುಗಳಾದರೋ ಹೆಚ್ಚಾಗಿ ಸಿಹಿಯಾಗಿರುತ್ತವೆ, ಅಂದರೆ ಅರ್ಥ ಪೂರ್ತಿ ತಿರುವುಮುರುವಾಗುತ್ತದೆ. ‘ಒಣಮಾತು’, ‘ಒಣಜಂಬ’ಗಳಲ್ಲಿ ‘ಒಣ’ ಎಂಬುದು ಹುರುಳಿಲ್ಲದ್ದು ಎಂಬ ಛಾಯೆಯನ್ನೂ ಪಡೆದಿದೆ. ‘ಶುಷ್ಕ’ ಎಂದರೂ ಇದೇ ಕಷ್ಟ. ಇನ್ನೊಂದು ಗೊಂದಲವೂ ಇದೆ: ಬಾಯಿ ಒಣಗಿದಂತಾಗುವುದು ಒಗರಿನಿಂದ, ‘ಡ್ರೈ’ ಆಗಿರುವುದರಿಂದಲ್ಲ. ಸಿಹಿಯಾದ ಕೆಂಪು ವೈನೂ ಒಗರಾಗಿರಬಹುದು, ಸಿಹಿಯೇ ಇಲ್ಲದ ಬಿಳಿ ವೈನು ಒಗರಿಲ್ಲದೆಯೂ ಇರಬಹುದು. ‘ಸಪ್ಪೆ’ ಎಂದರೆ ಅದು ದೋಷದ ಮಾತಾಗುತ್ತದೆ. ನನಗೆ ತೋಚಿದ್ದು ‘ಸಿಹಿ ಇಂಗಿದ ವೈನ್’. ನೀರು ಇಂಗುವಂತೆ ಸಿಹಿಯೂ ಇಂಗಿತು ಎಂಬಲ್ಲಿ ಮೊದಲು ಇದ್ದದ್ದು ಕ್ರಮೇಣ ಇಲ್ಲವಾಯಿತೆಂಬ ಸೂಚನೆ ಇರುವುದರಿಂದ ಹುದುಗುವಿಕೆಯ ಕ್ರಿಯೆಗೂ ಅದು ಹೊಂದುತ್ತದೆ. ಆದರೂ ಇದು ಸಹಜವಾಗಿ ಕೇಳಿಸುತ್ತದೆಯೋ, ಕಟ್ಟಿದ್ದೆಂದು ಎದ್ದು ಕಾಣುತ್ತದೆಯೋ ಎಂಬುದನ್ನು ನಾನೊಬ್ಬನೇ ನಿರ್ಧರಿಸಲಾರೆ.

ಪದಗಳ ಬಗ್ಗೆ ಇಷ್ಟು ಹಟವೇಕೆಂದು ಯಾರಾದರೂ ಕೇಳಬಹುದು. ಬೋರ್ಡೊ ನಗರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈನ್‌ಶಾಸ್ತ್ರದ 54 ವಿದ್ಯಾರ್ಥಿಗಳು ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಮೂಸಿ, ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲಿಯೇ ವರ್ಣಿಸಿದರು. ಕಣ್ಣು ಕಂಡದ್ದಕ್ಕೆ ತಕ್ಕ ಪದವನ್ನು ಮನಸ್ಸು ಮೊದಲೇ ಆರಿಸಿಟ್ಟಿತ್ತು. ‘ಕಹಿ’ ಎಂದು ಬರೆದ ಕೂಡಲೇ ನಾನೂ ಕಹಿಯನ್ನೇ ಅನುಭವಿಸಿದ್ದೆ. ‘ಒಗರು’ ಎಂದು ತಿದ್ದಿದ ಮೇಲೆ ಅದೇ ಲೋಟದಲ್ಲಿ ಬೇರೆ ಸಂಗತಿಗಳು ತೆರೆದುಕೊಂಡವು.

ಈ ಇಡೀ ಕ್ರಿಯೆಗೆ ಯಾವ ಹೆಸರು ಸಲ್ಲುತ್ತದೆ ಎಂಬುದನ್ನೂ ವಿಚಾರಿಸಬೇಕಾಗಿದೆ. ‘ಸವಿಯುವುದು’ ಎಂದರೆ ಹಿಡಿಸಿತೆಂದು ಒಪ್ಪಿಕೊಂಡಂತೆ. ಕೆಟ್ಟ ಬಿರಡೆಯಿಂದ ಮುಗ್ಗಲು ವಾಸನೆ ಹಿಡಿದ ವೈನನ್ನು ಯಾರೂ ಸವಿಯಲಾರರು, ಆದರೆ ಅದನ್ನೂ ರುಚಿ ನೋಡಲೇಬೇಕು. ‘ಆಸ್ವಾದನೆ’ ಕಾವ್ಯಮೀಮಾಂಸೆಯ ಕಡೆಗೆ ಎಳೆಯುತ್ತದೆ. ‘ರುಚಿ ನೋಡುವುದು’ ಎಂಬುದೇ ನನಗೆ ಒಪ್ಪಿಗೆಯಾದದ್ದು. ಮೂಸಿ ನೋಡು, ಕುಡಿದು ನೋಡು, ಮುಟ್ಟಿ ನೋಡು ಎಂದು ಎಲ್ಲ ಇಂದ್ರಿಯಗಳ ಪರೀಕ್ಷೆಯನ್ನೂ ಕನ್ನಡವು ‘ನೋಡು’ ಎಂಬ ಒಂದೇ ಕ್ರಿಯಾಪದದಿಂದ ಹೇಳಿಬಿಡುತ್ತದೆ.

ಕೊನೆಯದಾಗಿ, ನುಂಗಿದ ಅಥವಾ ಉಗುಳಿದ ಮೇಲೂ ಬಾಯಲ್ಲಿ ನಿಲ್ಲುವ ರುಚಿಗೆ ಇಂಗ್ಲಿಷಿನಲ್ಲಿ ‘ಫಿನಿಶ್’ ಎನ್ನುತ್ತಾರೆ. ಫ್ರೆಂಚರು ಅದನ್ನು ‘ಕೋದಲಿ’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕೋದಲಿಯೆಂದರೆ ಒಂದು ಸೆಕೆಂಡು, ಪದದ ಮೂಲ ಲ್ಯಾಟಿನ್ನಿನಲ್ಲಿ ಬಾಲವೆಂಬ ಅರ್ಥದ ‘ಕೌಡ’. ಹಾಳೆಯಲ್ಲಿ ನಾನು ‘ಉಳಿರುಚಿ’ ಎಂದು ಬರೆದಿದ್ದೆ. ಇದೇ ಅರ್ಥದಲ್ಲಿ ಆಡುಮಾತಿನಲ್ಲಿ ಬಳಕೆಯಲ್ಲಿರುವ ಪದ ಯಾವುದಾದರೂ ತಮಗೆ ತಿಳಿದಿದ್ದರೆ, ಅದು ಯಾವ ಪ್ರದೇಶದ್ದು, ಯಾವ ಸಂದರ್ಭದಲ್ಲಿ ಕೇಳಿದ್ದು ಎಂಬ ವಿವರದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.