ಸಣ್ಣ ಸೇವಾ ವ್ಯವಹಾರಕ್ಕೆ ಬ್ಲಾಗ್ ಬರೆಯುವುದರಿಂದ ನಿಜವಾಗಿ ಪ್ರಯೋಜನವಿದೆಯೇ?

ಪ್ರಶ್ನೆ

ನಾವಿಬ್ಬರು ಸೇರಿ ಕಟ್ಟಡಗಳಲ್ಲಿನ ನೀರಿನ ಸೋರಿಕೆ ಮತ್ತು ಗೋಡೆಯ ತೇವವನ್ನು ಸರಿಪಡಿಸುವ ಕೆಲಸ ಮಾಡುತ್ತೇವೆ. ಇದುವರೆಗಿನ ಕೆಲಸವೆಲ್ಲ ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದದ್ದೇ. ನಮ್ಮದೊಂದು ವೆಬ್‌ಸೈಟ್ ಇದೆ, ಆದರೆ ಅದರಲ್ಲಿ ಹೆಸರು, ಫೋನ್ ಸಂಖ್ಯೆ ಮತ್ತು ಕೆಲಸಗಳ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೊಂದು ಬ್ಲಾಗ್ ಸೇರಿಸಿ ಎಂದು ಪರಿಚಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ದಿನವಿಡೀ ದುಡಿದು ಬಂದ ಮೇಲೆ ಬರೆಯಲು ಕೂರುವ ಚೈತನ್ಯ ನಮ್ಮಲ್ಲಿ ಉಳಿದಿರುವುದಿಲ್ಲ. ಅಲ್ಲದೆ, ನಮಗೆ ಗೊತ್ತಿರುವುದನ್ನೆಲ್ಲ ಬರೆದು ಬಿಟ್ಟುಕೊಟ್ಟರೆ ಗ್ರಾಹಕರು ತಾವೇ ಮಾಡಿಕೊಳ್ಳುವುದಿಲ್ಲವೇ ಎಂಬ ಅಳುಕೂ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಾನು ಲೆಕ್ಕಪತ್ರ ಮತ್ತು ತೆರಿಗೆ ಸಲಹೆಯ ಸಣ್ಣ ಕಚೇರಿ ನಡೆಸುತ್ತೇನೆ. ನನ್ನ ಮಟ್ಟಿಗೆ ಬ್ಲಾಗ್ ಖಂಡಿತ ಕೆಲಸ ಮಾಡಿದೆ. ಅದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸರಕನ್ನು ಕೊಳ್ಳುವವರು ಅದನ್ನು ಕೈಯಲ್ಲಿ ಹಿಡಿದು ನೋಡಬಹುದು. ಸೇವೆ ಹಾಗಲ್ಲ, ಹಣ ಕೊಟ್ಟು ಕೆಲಸ ಮುಗಿಯುವವರೆಗೂ ಅದು ಹೇಗಿದೆಯೆಂದು ಗೊತ್ತಾಗುವುದಿಲ್ಲ. ನಿಮ್ಮ ಕೆಲಸದಲ್ಲಂತೂ ಮುಂದಿನ ಮಳೆಗಾಲ ಕಳೆಯುವವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಫೋನ್ ಮಾಡುವ ಮೊದಲೇ ಗ್ರಾಹಕರು ಹುಡುಕುವುದು ಇವರಿಗೆ ವಿಷಯ ತಿಳಿದಿದೆಯೇ, ಇವರು ನೇರವಾಗಿ ಮಾತಾಡುತ್ತಾರೆಯೇ ಎಂಬುದಕ್ಕೆ ಒಂದು ಸುಳಿವನ್ನು. ಆ ಸುಳಿವು ಕೆಲಸಗಳ ಪಟ್ಟಿಯಲ್ಲಿ ಸಿಗುವುದಿಲ್ಲ, ವಿವರಣೆಯಲ್ಲಿ ಸಿಗುತ್ತದೆ.

ನಿಮ್ಮ ಕ್ಷೇತ್ರದ್ದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮನೆಯ ಗೋಡೆಯಲ್ಲಿ ತೇವ ಕಂಡಾಗ ನಾನು ಓದಿದ ಲೇಖನವೊಂದು, ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಲು ಹೇಳಿತ್ತು. ಹಾಳೆಯ ಹೊರಮೈ ಮೇಲೆ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ, ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ನಾನು ಹಾಗೆಯೇ ಮಾಡಿದೆ. ಒಳಮೈ ಒದ್ದೆಯಾಗಿತ್ತು. ಮುಂದಿನದನ್ನು ನಾನೇ ಸರಿಪಡಿಸಲು ಹೋಗಲಿಲ್ಲ, ಆ ಲೇಖನ ಬರೆದವರಿಗೇ ಫೋನ್ ಮಾಡಿದೆ. ನಿಮ್ಮ ಅಳುಕಿಗೆ ಇದೇ ನನ್ನ ಉತ್ತರ. ತಾವೇ ಮಾಡಿಕೊಳ್ಳಬಲ್ಲವರು ನಿಮ್ಮ ಬರಹವಿಲ್ಲದಿದ್ದರೂ ಮಾಡಿಕೊಳ್ಳುತ್ತಾರೆ. ಉಳಿದವರಿಗೆ ಕೆಲಸ ಎಷ್ಟು ಸೂಕ್ಷ್ಮವಾದದ್ದೆಂದು ಅರ್ಥವಾದಷ್ಟೂ ನಿಮ್ಮ ಮೇಲಿನ ನಂಬಿಕೆ ಹೆಚ್ಚುತ್ತದೆ.

ಅಮೆರಿಕದ ವರ್ಜೀನಿಯಾದ ಮಾರ್ಕಸ್ ಶೆರಿಡನ್ ಅವರ ಈಜುಕೊಳ ನಿರ್ಮಾಣ ಸಂಸ್ಥೆ 2008ರ ಆರ್ಥಿಕ ಕುಸಿತದಲ್ಲಿ ಮುಳುಗುವ ಹಂತ ತಲುಪಿತ್ತು. ಗ್ರಾಹಕರು ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಅವರು ತಮ್ಮ ವೆಬ್‌ಸೈಟಿನಲ್ಲಿ ಪ್ರಾಮಾಣಿಕವಾಗಿ ಉತ್ತರ ಬರೆಯತೊಡಗಿದರು. ಆ ಉದ್ಯಮದವರು ಸಾಮಾನ್ಯವಾಗಿ ಬಾಯಿ ಬಿಡದ ವೆಚ್ಚದ ಪ್ರಶ್ನೆಯನ್ನೂ ಬಿಡಲಿಲ್ಲ. ಸಂಸ್ಥೆ ಚೇತರಿಸಿಕೊಂಡಿತು. ನೀವೂ ಖರ್ಚಿನ ಬಗ್ಗೆ ಬರೆಯಿರಿ. ನಿಖರ ಮೊತ್ತ ಹೇಳಲಾಗದಿದ್ದರೆ, ಅದು ಯಾವ ಯಾವ ಕಾರಣಕ್ಕೆ ಏರುತ್ತದೆ, ಇಳಿಯುತ್ತದೆ ಎಂದಾದರೂ ತಿಳಿಸಿ.

ಎರಡನೆಯ ಉತ್ತರ

ಮೇಲಿನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನದು ಬೀಗ ತೆಗೆದುಕೊಡುವ, ಬೀಗ ಬದಲಿಸುವ ಕೆಲಸ. ಮುಚ್ಚಿದ ಬಾಗಿಲ ಮುಂದೆ ಕೀಲಿಯಿಲ್ಲದೆ ನಿಂತವರು ಲೇಖನ ಓದುವುದಿಲ್ಲ. ನಕ್ಷೆಯಲ್ಲಿ ಹತ್ತಿರ ಕಾಣುವ, ಒಳ್ಳೆಯ ಅಭಿಪ್ರಾಯಗಳಿರುವ ಸಂಖ್ಯೆಗೆ ಕರೆ ಮಾಡುತ್ತಾರೆ. ನಾನು ಒಂದು ಸಂಸ್ಥೆಗೆ ಹಣ ಕೊಟ್ಟು ಮೂವತ್ತು ಲೇಖನ ಬರೆಸಿದ್ದೆ. ಯಾವ ಊರಿನ ಯಾವ ಬೀಗದವರಿಗಾದರೂ ಹೊಂದುವಂಥ ನೀರಸ ಬರಹಗಳವು. ಅವುಗಳಿಂದ ಒಂದು ಕರೆಯೂ ಬರಲಿಲ್ಲ. ಹುಡುಕಾಟದ ಫಲಿತಾಂಶಗಳನ್ನು ಜೋಡಿಸುವ ಕ್ರಮದಲ್ಲಿ 2011ರಲ್ಲಿ ತಂದ ‘ಪಾಂಡಾ’ ಎಂಬ ಬದಲಾವಣೆಯಿಂದಲೂ ಗೂಗಲ್ ಇಂಥ ಟೊಳ್ಳು ಬರಹವನ್ನು ಹಿಂದಕ್ಕೆ ತಳ್ಳುತ್ತಲೇ ಬಂದಿದೆ. 2024ರ ಮಾರ್ಚ್‌ನಲ್ಲಂತೂ, ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿಯಾಗಿ ತಯಾರಿಸಿದ ಪುಟಗಳ ವಿರುದ್ಧ, ಅವನ್ನು ಮನುಷ್ಯರು ಬರೆದಿರಲಿ ಯಂತ್ರ ಬರೆದಿರಲಿ, ಸ್ಪಷ್ಟ ನೀತಿಯನ್ನೇ ತಂದಿತು. ಕೊನೆಗೆ ನಾನೇ ಅವನ್ನೆಲ್ಲ ಅಳಿಸಿಹಾಕಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ನಮ್ಮಲ್ಲಿ ಎರಡೂ ಬಗೆಯ ಗ್ರಾಹಕರಿದ್ದಾರೆ. ಪೈಪು ಒಡೆದವರು ಆ ಕ್ಷಣವೇ ಕರೆ ಮಾಡುತ್ತಾರೆ. ಗೋಡೆಯ ತೇವದವರು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಎರಡನೆಯವರಿಗಾಗಿ ಬರೆಯಬಹುದೆಂದು ಈಗ ಅನ್ನಿಸುತ್ತಿದೆ. ಆದರೆ ಸಮಯದ ಪ್ರಶ್ನೆ ಹಾಗೆಯೇ ಉಳಿದಿದೆ.

ಮೂರನೆಯ ಉತ್ತರ

ಸಣ್ಣ ಸಂಸ್ಥೆಗಳ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ವೃತ್ತಿ. ವಾರಕ್ಕೊಂದು ಬರೆಯಲೇಬೇಕೆಂಬ ಕಟ್ಟುಪಾಡು ಬೇಡ, ಇಷ್ಟು ಪದಗಳಿರಬೇಕೆಂಬ ಲೆಕ್ಕವೂ ಬೇಡ. ಪದಗಳ ಸಂಖ್ಯೆಗೆ ತಾನು ಒತ್ತು ಕೊಡುವುದಿಲ್ಲವೆಂದು ಗೂಗಲ್ ತಾನೇ ಹೇಳಿದೆ. ಹತ್ತು ಗಟ್ಟಿ ಲೇಖನಗಳು ವರ್ಷಗಟ್ಟಲೆ ದುಡಿಯುತ್ತವೆ. ಕೆಲಸ ಮುಗಿಸಿ ಹಿಂದಿರುಗುವಾಗ, ಅಂದು ಗ್ರಾಹಕರು ಏನು ಕೇಳಿದರು, ನೀವು ಏನು ಹೇಳಿದಿರಿ ಎಂಬುದನ್ನು ಫೋನಿನಲ್ಲಿ ಮಾತಾಡಿ ಧ್ವನಿಮುದ್ರಿಸಿಕೊಳ್ಳಿ. ಬಿಡುವಿನ ದಿನ ಅದನ್ನೇ ತಿದ್ದಿ ಬರೆದರೆ ಲೇಖನವಾಗುತ್ತದೆ. ನಲ್ಲಿಗಳನ್ನೆಲ್ಲ ಮುಚ್ಚಿ, ಮೀಟರಿನ ಅಂಕಿ ಗುರುತು ಹಾಕಿಕೊಂಡು, ಎರಡು ಗಂಟೆ ನೀರು ಬಳಸದೆ ಮತ್ತೆ ನೋಡಿದಾಗ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ ಎಂಬ ಪರೀಕ್ಷೆಯನ್ನು ನೀವು ಎಷ್ಟು ಜನರಿಗೆ ಹೇಳಿರಬಹುದು! ಅದೇ ನಿಮ್ಮ ಮೊದಲ ಲೇಖನವಾಗಲಿ.

ಬರೆದದ್ದು ನಿಮ್ಮದೇ ವೆಬ್ ವಿಳಾಸದಲ್ಲಿರಬೇಕು ಎಂಬುದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿದಾಗ ಅಲ್ಲಿ ಸಾಮಾನ್ಯ ಬಳಕೆದಾರರು ಬರೆದಿದ್ದೆಲ್ಲ ಅಳಿಸಿಹೋಯಿತು. ವಿಡಿಯೊ ಮಾಡಬೇಡಿ ಎಂದಲ್ಲ. ಅದನ್ನೂ ಲೇಖನದೊಳಗೇ ಸೇರಿಸಿ.

ಫಲ ಬೇಗ ಕಾಣುವುದಿಲ್ಲ. ನಾಲ್ಕು ತಿಂಗಳಿಂದ ಒಂದು ವರ್ಷ ಕಾಯಲು ಸಿದ್ಧರಿರಿ. ವೆಬ್‌ಸೈಟ್ ಇರುವವರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನ ಉಚಿತ. ಜನ ಏನೆಂದು ಹುಡುಕಿ ನಿಮ್ಮ ಪುಟಕ್ಕೆ ಬಂದರೆಂಬುದನ್ನು ಅದು ತೋರಿಸುತ್ತದೆ. 2024ರಿಂದ ಗೂಗಲ್ ಹಲವು ಪ್ರಶ್ನೆಗಳಿಗೆ ಫಲಿತಾಂಶಗಳ ಪುಟದ ಮೇಲ್ಭಾಗದಲ್ಲೇ ಯಂತ್ರ ಬರೆದ ಉತ್ತರ ಕೊಡುತ್ತಿರುವುದರಿಂದ, ಎಲ್ಲರೂ ಬರೆಯುವ ಸಾಮಾನ್ಯ ಮಾಹಿತಿಗೆ ಓದುಗರು ಕಡಿಮೆಯಾಗುತ್ತಾರೆ. ನೀವೇ ಹೋಗಿ ನೋಡಿದ ಗೋಡೆ, ನೀವೇ ತೆಗೆದ ಚಿತ್ರ, ಮೊದಲ ಪ್ರಯತ್ನ ಏಕೆ ವಿಫಲವಾಯಿತೆಂಬ ವಿವರ, ಇವು ಬೇರೆಡೆ ಸಿಗುವುದಿಲ್ಲ. ಚಿತ್ರ ಹಾಕುವ ಮುನ್ನ ಆ ಮನೆಯವರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ, ಮನೆಯ ಗುರುತು ಸಿಗುವಂಥದ್ದೇನಾದರೂ ಚಿತ್ರದಲ್ಲಿದ್ದರೆ ಕತ್ತರಿಸಿ ತೆಗೆಯಿರಿ.