ಪದಚರ್ಚೆ: ಲೆಕ್ಕದ ಪುಸ್ತಕಕ್ಕೆ ‘ಕಡತ’ ಎನ್ನಬಹುದೇ?

ಪ್ರಶ್ನೆ: ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 28ನೇ ಕಲಮಿನಂತೆ, ವ್ಯಾಪಾರದ ರೂಢಿಯಲ್ಲಿ ಕ್ರಮವಾಗಿ ಬರೆದಿಟ್ಟ ‘ಬುಕ್ಸ್ ಆಫ್ ಅಕೌಂಟ್’ನ ನಮೂದು ‘ರೆಲವೆಂಟ್’, ಆದರೆ ಹೊಣೆ ಹೊರಿಸಲು ಅದೊಂದೇ ಸಾಲದು. ಇವಕ್ಕೆ ‘ಲೆಕ್ಕದ ಕಡತ’, ‘ಗ್ರಾಹ್ಯ’ ಎಂದರೆ ಸರಿಯೇ?

ಉತ್ತರ: ಎರಡೂ ಬೇಡ ಸರ್. ಕಡತದ ಬದಲು ‘ಪುಸ್ತಕ’ ಅಥವಾ ‘ವಹಿ’ ಎನ್ನಿ. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಕೆ ಹಾಕಿ ವರ್ತಕರು ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಕಡತವೇ ಲೆಕ್ಕದ ಪುಸ್ತಕ. ಚಂದದ ಪದ, ನಿಜ. ಇಂದು ಅದು ಹಾಳೆ ಸೇರಿಸಿ ತೆಗೆಯುವ ಫೈಲು. ಕಾನೂನಿಗೆ ಆ ವ್ಯತ್ಯಾಸವೇ ಮುಖ್ಯ: ಸಿ.ಬಿ.ಐ. ವಿರುದ್ಧ ವಿ.ಸಿ. ಶುಕ್ಲಾ (1998) ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪೈರಲ್ ನೋಟುಪುಸ್ತಕಗಳನ್ನು ‘ಪುಸ್ತಕ’ವೆಂದು ಒಪ್ಪಿತು, ಫೈಲಿನಲ್ಲಿದ್ದ ಬಿಡಿಹಾಳೆಗಳನ್ನು ಒಪ್ಪಲಿಲ್ಲ.

‘ರೆಲವೆಂಟ್’ಗೆ ‘ಸುಸಂಗತ’ವೇ ಸರಿ. ವಿವಾದಕ್ಕೆ ನಂಟಿರುವುದು ಸುಸಂಗತ, ಕೋರ್ಟು ಒಳಗೆ ಬಿಟ್ಟುಕೊಳ್ಳಬಹುದಾದದ್ದು ಗ್ರಾಹ್ಯ. ಸ್ಟಾಂಪು ಹಚ್ಚದ ಪ್ರಾಮಿಸರಿ ನೋಟು ಸಾಲದ ದಾವೆಗೆ ಸುಸಂಗತವಾದರೂ ಗ್ರಾಹ್ಯವಲ್ಲ; ದಂಡ ಕಟ್ಟಿದರೂ ಅದು ಸರಿಹೋಗದು. ಮೂರನೆಯ ಮೆಟ್ಟಿಲು ರುಜುವಾತು. ದಾಖಲೆಯ ಮೇಲೆ ‘ನಿ.ಪಿ. 4’ (ವಾದಿಯ ಕಡೆಯ ನಾಲ್ಕನೆಯ ದಾಖಲೆ) ಎಂದು ಕೋರ್ಟಿನ ನಿಶಾನೆ ಬಿದ್ದಷ್ಟಕ್ಕೇ ಒಳಗಿನ ಬರಹ ನಿಜವೆಂದಾಗದು. ಬಾಕಿ ವಸೂಲಿ ದಾವೆಗಳು ಎಡವುವುದು ಇಲ್ಲಿಯೇ: ಖಾತೆಯ ಒಂದು ಪುಟದ ನಕಲು ತಂದು, ದಿನದಿನದ ವ್ಯವಹಾರ ಬರೆಯುವ ಕಿರ್ದಿಯನ್ನಾಗಲಿ ಅದನ್ನು ಬರೆದವರನ್ನಾಗಲಿ ಕೋರ್ಟಿಗೆ ತರುವುದಿಲ್ಲ. ಎದುರಾಳಿ ಅಲ್ಲಗಳೆದರೆ ಆಸರೆಗೆ ಬಿಲ್ಲು, ಸರಕು ಪಡೆದವರ ರುಜು ಇರುವ ಡೆಲಿವರಿ ಚಲನ್ ಬೇಕು. ಹಾಗಾಗಿ ಅನುವಾದದಲ್ಲಿ ‘ಅದೊಂದೇ’ ಬಿಟ್ಟುಹೋಗಬಾರದು. ಬಿಟ್ಟರೆ ‘ಲೆಕ್ಕದ ಪುಸ್ತಕ ಸಾಕ್ಷ್ಯವೇ ಅಲ್ಲ’ ಎಂಬ ತಪ್ಪು ಅರ್ಥ ಬರುತ್ತದೆ.

ಅದೇ ಕಲಮಿನ ‘ರೆಗ್ಯುಲರ್ಲಿ’ಗೆ ‘ದಿನಂಪ್ರತಿ’ ಬೇಡ, ‘ಕ್ರಮವಾಗಿ’ ಸಾಕು.

ಮರುಪ್ರಶ್ನೆ: ಕಂಪ್ಯೂಟರಿನ ಲೆಕ್ಕವಾದರೆ? ಕಂಪ್ಯೂಟರ್ ದಾಖಲೆಯ ಜೊತೆ ಕೊಡಬೇಕಾದ, ಅದೇ ಅಧಿನಿಯಮದ 63(4)ರ ಸರ್ಟಿಫಿಕೇಟನ್ನು ‘ಪ್ರಮಾಣಪತ್ರ’ ಎನ್ನಬಹುದಲ್ಲವೇ?

ಉತ್ತರ: ಬರೆಯಬಹುದು, ಆದರೆ ಅಫಿಡವಿಟ್ಟಿಗೂ ಅದೇ ಪದ ಬಳಕೆಯಲ್ಲಿದೆ. ‘ದೃಢೀಕರಣ ಪತ್ರ’ ಎಂದರೆ ಗೊಂದಲವಿಲ್ಲ. ಅದರಲ್ಲಿ ಎರಡು ಭಾಗ: ‘ಎ’ ಭಾಗವನ್ನು ದಾಖಲೆ ಹಾಜರುಪಡಿಸುವವರು, ‘ಬಿ’ ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಡಿಜಿಟಲ್ ದಾಖಲೆಯಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಗುರುತು, ಬರೆಯಬೇಕು. ಹ್ಯಾಶ್ ತೆಗೆದ ಮೇಲೆ ಕಂಪ್ಯೂಟರಿನ ಕಡತ ತೆರೆದು ಒಂದಂಕಿ ತಿದ್ದಿ ಉಳಿಸಿದರೂ ಮೌಲ್ಯ ಬದಲಾಗುತ್ತದೆ. ಇಲ್ಲಿ ಮಾತ್ರ ‘ಕಡತ’ ಸರಿಯಾದ ಪದ.